ಪಂದ್ಯವಿಲ್ಲದ ದಿನ

ಭಾನುವಾರ ಬೆಳಿಗ್ಗೆ ಮುಂಬಯಿಯ ಆಜಾದ್ ಮೈದಾನದ ಅಂಚಿನಲ್ಲಿ ನಿಂತವರಿಗೆ, ಅಲ್ಲಿ ಏಕಕಾಲಕ್ಕೆ ಎಷ್ಟು ಪಂದ್ಯಗಳು ನಡೆಯುತ್ತಿವೆಯೆಂಬುದನ್ನು ಎಣಿಸಿ ಹೇಳುವುದು ಕಷ್ಟ. ಒಂದು ಪಂದ್ಯದಲ್ಲಿ ಚೆಂಡು ಕಾಯುವವನು ಇನ್ನೊಂದು ಪಂದ್ಯದ ದಾಂಡಿಗನಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಯಾರೋ ಬಾರಿಸಿದ ಚೆಂಡು ಇನ್ನಾರದೋ ಅಂಗಣದೊಳಕ್ಕೆ ನುಗ್ಗುತ್ತದೆ. ಅದನ್ನು ಹೆಕ್ಕಿಕೊಟ್ಟವನಿಗೆ ಹೊಡೆದವನ ಗುರುತೂ ಇರುವುದಿಲ್ಲ. ಮಳೆ ಬಂದರೂ ಈ ನಗರದ ಆಟ ನಿಲ್ಲುವುದಿಲ್ಲ. 1948ರಲ್ಲಿ ಆರಂಭವಾದ ಕಾಂಗಾ ಲೀಗ್ ಪಂದ್ಯಾವಳಿ ಮಳೆಗಾಲಕ್ಕೆಂದೇ ಹುಟ್ಟಿದ್ದು. ಕೆಸರಿನಲ್ಲಿ ಜಾರಿ ಬಿದ್ದೆದ್ದು ಆಡುವುದನ್ನು ಕಂಡ ಹೊರಗಿನವರು ಇದೆಂಥ ಹುಚ್ಚೆಂದು ನಗುವುದುಂಟು.

ಆ ಗುಂಪುಗಳಲ್ಲಿ ನಮ್ಮವರೂ ಇರುತ್ತಾರೆ. ಕಿವಿಗೆ ಬೀಳುವ ಕೂಗಿನಿಂದಲೇ ಅವರ ಗುರುತು ಹತ್ತುತ್ತದೆ. ವಾರದ ಆರು ದಿನ ಗಲ್ಲೆಯ ಹಿಂದೆಯೋ ಮೇಜುಗಳ ನಡುವೆಯೋ ಲೆಕ್ಕದ ಪುಸ್ತಕದ ಮುಂದೆಯೋ ಹತ್ತು ಮಾತು ಹೆಚ್ಚಿಗೆ ಆಡದವನು ಇಲ್ಲಿ ಗಂಟಲು ಹರಿಯುವಂತೆ ಅರಚುತ್ತಾನೆ, ನಗುತ್ತಾನೆ, ಔಟಾಯಿತೆಂದು ಜಗಳಕ್ಕೆ ನಿಲ್ಲುತ್ತಾನೆ. ಅವನನ್ನು ಹೋಟೆಲಿನಲ್ಲಿ ಮಾತ್ರ ಕಂಡವರು ಇವನು ಅವನೇ ಹೌದೋ ಅಲ್ಲವೋ ಎಂದು ಬೆರಗಾಗಬೇಕು. ಊರಿನ ಮನೆಯ ಸಾಲ, ತಂಗಿಯ ಮದುವೆ, ತೀರದ ಕಾಯಿಲೆಯ ತಾಯಿ, ಬಡ್ತಿ ಕೊಡದ ಸಾಹೇಬರು, ಮುರಿದು ಹೋದ ಸಂಬಂಧ, ಇವೆಲ್ಲ ಎರಡು ತಾಸಿನ ಮಟ್ಟಿಗೆ ಚಪ್ಪಲಿಗಳ ಜೊತೆಯಲ್ಲಿ ಮೈದಾನದ ಅಂಚಿನಲ್ಲಿಯೇ ಉಳಿದಿರುತ್ತವೆ.

ಆದರೆ ಆಟ ಮುಗಿದ ಮೇಲೆ ಚಪ್ಪಲಿಯನ್ನು ಮೆಟ್ಟಿಕೊಳ್ಳಲೇಬೇಕಷ್ಟೆ. ಈ ಲೇಖನದ ವಿಷಯ ಅದೇ. ಗಂಡಸಿನ ಮನಸ್ಸಿನ ನೋವಿಗೆ ಆಟವು ಎಷ್ಟರ ಮಟ್ಟಿಗೆ ಆಸರೆಯಾಗಬಲ್ಲದು, ಆ ಆಸರೆ ಎಲ್ಲಿಗೆ ಮುಗಿಯುತ್ತದೆ, ಮುಗಿದಲ್ಲಿ ಏನು ಮಾಡಬೇಕು ಎಂಬುದನ್ನು ನಮ್ಮವರೇ ಆದ ಒಬ್ಬ ಆಟಗಾರರ ಅನುಭವದಿಂದ ತಿಳಿದುಕೊಳ್ಳಬಹುದಾಗಿದೆ.

ಅದಕ್ಕೆ ಮುನ್ನ ನಮ್ಮ ಮಾತಿನ ಒಂದು ಕೊರತೆಯನ್ನು ಹೇಳಬೇಕು. ಕನ್ನಡದಲ್ಲಿ ‘ಬೇಸರ’ವೆಂಬ ಶಬ್ದವಿದೆ. ಮಳೆ ಹಿಡಿದರೂ ಬೇಸರ, ಗಾಡಿ ತಪ್ಪಿದರೂ ಬೇಸರ. ಇನ್ನೊಂದು ತುದಿಯಲ್ಲಿ ‘ಹುಚ್ಚು’ ಎಂಬ ಶಬ್ದವಿದೆ. ಅದನ್ನು ಕೇಳಿದರೆ ಜನ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾರೆ. ಇವೆರಡರ ನಡುವೆ ಬಹಳ ದೊಡ್ಡ ಪ್ರದೇಶವೊಂದಿದೆ, ಅದಕ್ಕೆ ದಿನಬಳಕೆಯ ಹೆಸರೇ ಇಲ್ಲ. ವೈದ್ಯರು ಖಿನ್ನತೆ ಎನ್ನುತ್ತಾರೆ. ಆದರೆ ಖೋಲಿಯಲ್ಲಿ ಪಕ್ಕದಲ್ಲಿ ಮಲಗಿದವನೊಡನೆ ‘ನನಗೆ ಖಿನ್ನತೆಯಾಗಿದೆ’ ಎಂದು ಯಾರು ಹೇಳುತ್ತಾರೆ? ಅದು ಪುಸ್ತಕದ ಮಾತು. ಹಾಗಾಗಿ ನಮ್ಮ ಗಂಡಸರು ಹೊಟ್ಟೆಯ ಮೇಲೆ ಕೈಯಿಟ್ಟು ಗ್ಯಾಸ್ಟ್ರಿಕ್ ಎನ್ನುತ್ತಾರೆ. ತಲೆನೋವು, ನಿದ್ದೆಯಿಲ್ಲ, ಎದೆ ಭಾರ ಎನ್ನುತ್ತಾರೆ. ಇಲ್ಲವೇ ಏನನ್ನೂ ಹೇಳದೆ ಮಾತುಮಾತಿಗೆ ಸಿಡುಕುತ್ತಾರೆ, ಕುಡಿಯಲು ಕಲಿಯುತ್ತಾರೆ. ‘ಎಂಥ ಮಾರಾಯ, ಮುಖ ಯಾಕೆ ಹೀಗೆ?’ ಎಂದರೆ ‘ಎಂಥದ್ದೂ ಇಲ್ಲ’ ಎಂಬ ಉತ್ತರ. ಕೇಳಿದವನೂ ಅಷ್ಟಕ್ಕೇ ಸುಮ್ಮನಾಗುತ್ತಾನೆ. ಅವನಿಗೂ ಬೆಳಗಿನ ಪಾಳಿಯಿದೆ.

ಈ ಮೌನದ ಬೆಲೆ ಸಣ್ಣದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತರಾದರು. ಅವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಹೆಂಗಸರ ಬಾಳು ಗಂಡಸರದಕ್ಕಿಂತ ಹಗುರವೆಂದು ಇದರಿಂದ ಯಾರೂ ಭಾವಿಸಬಾರದು. ಖಿನ್ನತೆ ಅವರನ್ನೇ ಹೆಚ್ಚಾಗಿ ಕಾಡುವುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಆದರೆ ಹೆಂಗಸರು ಬಾವಿಕಟ್ಟೆಯಲ್ಲೋ ನಲ್ಲಿಯ ಸಾಲಿನಲ್ಲೋ ಒಬ್ಬರೊಡನೊಬ್ಬರು ಮನಸ್ಸು ಬಿಚ್ಚುವುದುಂಟು. ನಮ್ಮಲ್ಲಿ ಆ ಅಭ್ಯಾಸ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಮಾನಸಿಕ ವ್ಯಾಧಿಗಳು ಹಳ್ಳಿಗಳಿಗಿಂತ ಮಹಾನಗರಗಳಲ್ಲಿ ಹೆಚ್ಚೆಂದೂ, ಖಿನ್ನತೆಯಿಂದ ಬಳಲುವವರಲ್ಲಿ ನೂರಕ್ಕೆ 80ಕ್ಕಿಂತ ಮಿಕ್ಕಿದವರಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದೂ ಕಂಡುಬಂದಿತು. ಊರು ಬಿಟ್ಟು ಮಹಾನಗರ ಸೇರಿದವರಾದ ನಾವು ಈ ಮಾತನ್ನು ಅನ್ಯರ ಸಮಾಚಾರವೆಂದು ಓದಿ ಪುಟ ತಿರುವುವಂತಿಲ್ಲ.

ಎರಡು ತಂಡಗಳು, ಒಂದು ಪ್ರವಾಸ

2006ರ ಆರಂಭದಲ್ಲಿ ಇಂಗ್ಲೆಂಡಿನ ಕ್ರಿಕೆಟ್ ತಂಡ ಭಾರತಕ್ಕೆ ಬಂದಿತ್ತು. ಅವರ ಆರಂಭಿಕ ದಾಂಡಿಗ ಮಾರ್ಕಸ್ ಟ್ರೆಸ್ಕೋಥಿಕ್. ಹಿಂದಿನ ವರ್ಷವಷ್ಟೇ ಆಸ್ಟ್ರೇಲಿಯವನ್ನು ಸೋಲಿಸಿ ಆಶಸ್ ಗೆದ್ದ ತಂಡದ ಆಧಾರಸ್ತಂಭಗಳಲ್ಲಿ ಒಬ್ಬರು; ಒಟ್ಟು 76 ಟೆಸ್ಟ್ ಪಂದ್ಯಗಳನ್ನಾಡಿದ ಗಟ್ಟಿ ಆಳು. ಮೊದಲನೆಯ ಟೆಸ್ಟ್ ಆರಂಭವಾಗುವುದಕ್ಕೆ ಮುನ್ನವೇ ಅವರು ಇದ್ದಕ್ಕಿದ್ದಂತೆ ಸ್ವದೇಶಕ್ಕೆ ಹೊರಟುಹೋದರು. ವೈಯಕ್ತಿಕ ಕಾರಣವೆಂದು ಪ್ರಕಟಣೆ ಬಂದಿತು. ಬಳಿಕ ಯಾವುದೋ ಸೋಂಕು ತಗುಲಿತ್ತೆಂದು ಅವರೇ ಟೆಲಿವಿಷನ್ನಿನಲ್ಲಿ ಹೇಳಿಕೊಂಡರು. ನಮ್ಮ ಹೋಟೆಲುಗಳಲ್ಲಿ ‘ಊರಲ್ಲಿ ಅಮ್ಮನಿಗೆ ಹುಷಾರಿಲ್ಲ’ ಎಂದು ರಜೆ ಕೇಳಿ ಹೊರಟ ಎಷ್ಟೋ ಹುಡುಗರ ಅಮ್ಮಂದಿರು ಆರೋಗ್ಯವಾಗಿಯೇ ಇರುತ್ತಾರೆ. ಧಣಿಗಳಿಗೆ ಅದು ತಿಳಿಯದೆಯೂ ಇಲ್ಲ.

ಸತ್ಯ ಹೊರಬಿದ್ದುದು 2008ರಲ್ಲಿ, ಟ್ರೆಸ್ಕೋಥಿಕ್ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದಾಗ. ಭಾರತದಲ್ಲಿದ್ದಾಗ ತಮ್ಮನ್ನು ಆವರಿಸಿದ್ದು ತೀವ್ರವಾದ ಖಿನ್ನತೆ ಮತ್ತು ಭೀತಿಯೆಂದು ಅವರು ಅದರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. 2006ರ ನವೆಂಬರಿನಲ್ಲಿ ಆಸ್ಟ್ರೇಲಿಯದಿಂದಲೂ ಅವರು ಟೆಸ್ಟಿಗೆ ಮುನ್ನ ಹಿಂತಿರುಗಿದ್ದರು. 2008ರ ಮಾರ್ಚಿನಲ್ಲಿ ತಮ್ಮ ಪ್ರಾಂತದ ತಂಡವಾದ ಸಾಮರ್ಸೆಟ್‌ನೊಡನೆ ಅಭ್ಯಾಸಕ್ಕಾಗಿ ಪರದೇಶಕ್ಕೆ ಹೊರಟಾಗ, ಲಂಡನಿನ ಹೀಥ್ರೂ ವಿಮಾನನಿಲ್ದಾಣದ ಅಂಗಡಿಯೊಂದರಲ್ಲಿ ಕುಸಿದು ಕುಳಿತು ಅತ್ತು, ವಿಮಾನ ಹತ್ತದೆ ಮನೆಗೆ ಮರಳಿದರು. ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ಅಂದಿಗೆ ಅವರ ವಿದಾಯ. ಆದರೆ ಕ್ರಿಕೆಟ್ಟಿಗೆ ಅಲ್ಲ. ಸ್ವಂತ ಊರಿನ ಅಂಗಣದಲ್ಲಿ ಅವರು 2019ರವರೆಗೂ ಆಡಿದರು. 2009ರ ಒಂದೇ ಋತುವಿನಲ್ಲಿ 1,800ಕ್ಕೂ ಮಿಕ್ಕಿ ರನ್ನು ಗಳಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಪಂದ್ಯಾವಳಿಯೊಂದಕ್ಕಾಗಿ ಹೈದರಾಬಾದಿಗೆ ಬಂದಾಗ ಹಳೆಯ ವ್ಯಾಧಿ ಮತ್ತೆ ತಲೆಯೆತ್ತಿತು, ಅರ್ಧದಲ್ಲೇ ಹಿಂತಿರುಗಬೇಕಾಯಿತು. ಮನೆಯ ಹತ್ತಿರದ ಅಂಗಣದಲ್ಲಿ ಆಡುವಾಗ ಆಟ ಅವರಿಗೆ ಆಸರೆ. ಮನೆಯಿಂದ ಸಾವಿರಾರು ಮೈಲು ದೂರದ ಹೋಟೆಲಿನ ಕೋಣೆಯಲ್ಲಿ ರಾತ್ರಿ ಕಳೆಯಬೇಕಾದಾಗ ಆ ಆಸರೆ ಸಾಲದೆ ಹೋಗುತ್ತಿತ್ತು. ಉಡುಪಿಯಲ್ಲೋ ಕುಂದಾಪುರದಲ್ಲೋ ಮತ್ಸ್ಯಗಂಧಾ ಗಾಡಿ ಹತ್ತಿ, ನಿಲ್ದಾಣ ಕಣ್ಮರೆಯಾಗುವವರೆಗೆ ಬಾಗಿಲಲ್ಲಿ ನಿಂತು ನೋಡಿದವರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದೇ ಇಂಗ್ಲೆಂಡ್ ತಂಡದ ಎದುರು, ಅದೇ ಪ್ರವಾಸದ ಕೊನೆಯಲ್ಲಿ, 2006ರ ಏಪ್ರಿಲ್ 15ರಂದು ಇಂದೂರಿನಲ್ಲಿ ಕೊಡಗಿನ ಇಪ್ಪತ್ತರ ತರುಣನೊಬ್ಬ ಭಾರತದ ಪರವಾಗಿ ಆಡಲಿಳಿದ. ಆತನೇ ರಾಬಿನ್ ಉತ್ತಪ್ಪ. ಮೊದಲ ಪಂದ್ಯದಲ್ಲೇ 86 ರನ್ನು. ಏಕದಿನ ಕ್ರಿಕೆಟ್ಟಿನ ಪ್ರಥಮ ಪಂದ್ಯದಲ್ಲಿ ಭಾರತೀಯನೊಬ್ಬ ಗಳಿಸಿದ ಮೊತ್ತಗಳಲ್ಲಿ ಅಲ್ಲಿಯವರೆಗೆ ಅದೇ ಅತ್ಯಧಿಕ. 2016ರಲ್ಲಿ ಅದನ್ನು ಮೀರಿದವರೂ ಕರ್ನಾಟಕದವರೇ ಆದ ಕೆ. ಎಲ್. ರಾಹುಲ್. ಮರುವರ್ಷ, 2007ರ ಸೆಪ್ಟೆಂಬರಿನಲ್ಲಿ, ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಪಾಕಿಸ್ತಾನದೊಡನೆ ಇಪ್ಪತ್ತು ಓವರುಗಳ ಪಂದ್ಯ ಸಮವಾಗಿ ಮುಗಿದಾಗ, ಬರಿಯ ವಿಕೆಟ್ಟಿಗೆ ಚೆಂಡೆಸೆದು ಗೆಲುವನ್ನು ನಿರ್ಣಯಿಸಬೇಕಾಯಿತು. ಬೋಲರನೇ ಅಲ್ಲದ ಉತ್ತಪ್ಪ ಗುರಿ ತಪ್ಪದೆ ವಿಕೆಟ್ಟನ್ನು ಉರುಳಿಸಿ, ಟೋಪಿ ಕೈಗೆತ್ತಿಕೊಂಡು ಬಾಗಿ ವಂದಿಸಿದುದನ್ನು ಕಂಡವರು ಮರೆತಿರಲಾರರು. ಆ ತಿಂಗಳು ಭಾರತ ವಿಶ್ವಕಪ್ಪನ್ನೇ ಗೆದ್ದಿತು.

ಇಂಥ ಯುವಕನಿಗೆ ಏನು ಕಡಿಮೆ ಎಂದು ನಾವು ಕೇಳುತ್ತೇವೆ. ಕೀರ್ತಿಯಿತ್ತು, ಹಣವಿತ್ತು, ವಯಸ್ಸಿತ್ತು. 2008ರ ಬಳಿಕ ಭಾರತ ತಂಡದಲ್ಲಿನ ಸ್ಥಾನ ಹೋಯಿತು, ನಿಜ. ಆದರೆ ಸ್ಥಾನ ಕಳೆದುಕೊಂಡ ಆಟಗಾರರು ನೂರಾರು ಮಂದಿ ಇದ್ದಾರೆ. ಒಳಗೆ ನಡೆಯುತ್ತಿದ್ದುದು ಬೇರೆಯೇ ಆಗಿತ್ತು. 2020ರ ಜೂನಿನಲ್ಲಿ, ಕೊರೊನಾ ವ್ಯಾಧಿಯಿಂದ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಿದ್ದ ಕಾಲದಲ್ಲಿ, ಉತ್ತಪ್ಪ ಅವರು ಅದನ್ನು ಬಹಿರಂಗವಾಗಿ ಹೇಳಿದರು. 2009ರಿಂದ 2011ರವರೆಗೆ ಪ್ರತಿದಿನವೂ ಅವರು ತೀವ್ರ ಖಿನ್ನತೆಯೊಡನೆ ಹೆಣಗಿದ್ದರು. ಬಾಳನ್ನೇ ಮುಗಿಸಿಕೊಳ್ಳುವ ಯೋಚನೆಗಳು ಬರುತ್ತಿದ್ದವು. ಕ್ರಿಕೆಟ್ಟಿನ ವಿಚಾರ ಹಾಗಿರಲಿ, ಈ ಒಂದು ದಿನವನ್ನು ಕಳೆದು ಮರುದಿನವನ್ನು ಹೇಗೆ ಕಾಣಲಿ ಎಂಬುದೇ ಆಗಿನ ಚಿಂತೆಯಾಗಿತ್ತು.

ಅವರು ಹೇಳಿದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಪಂದ್ಯವಿರುವ ದಿನಗಳಲ್ಲಿ ಕ್ರಿಕೆಟ್ ಅವರ ಮನಸ್ಸನ್ನು ಆ ಯೋಚನೆಗಳಿಂದ ದೂರ ಇಡುತ್ತಿತ್ತು. ದುಸ್ಸಹವಾಗುತ್ತಿದ್ದುದು ಪಂದ್ಯವಿಲ್ಲದ ದಿನಗಳು, ಋತು ಮುಗಿದ ಮೇಲಿನ ಬಿಡುವಿನ ತಿಂಗಳುಗಳು. ಸುಮ್ಮನೆ ಕುಳಿತಿದ್ದಾಗಲೇ ಭಯಂಕರವಾದ ಯೋಚನೆ ಎದ್ದು ನಿಲ್ಲುತ್ತಿತ್ತು. ಏನೋ ಒಂದು ಅವರನ್ನು ತಡೆದು ಹಿಡಿಯುತ್ತಿತ್ತು.

ಆಡುವಾಗ ಉಪಶಮನ, ಆಡದಾಗ ಮತ್ತೆ ಅದೇ. ಹಾಗಾದರೆ ಹೊರಬಂದುದು ಹೇಗೆ? ಅವರ ಮಾತಿನಂತೆ, ಎಷ್ಟು ಶ್ರಮಪಟ್ಟು ಅಭ್ಯಾಸ ಮಾಡಿದರೂ ರನ್ನು ಬಾರದ ಒಂದು ಕಾಲದಲ್ಲಿ, ತೊಂದರೆಯಿರುವುದು ದಾಂಡಿನಲ್ಲಲ್ಲ, ತನ್ನಲ್ಲೇ ಎಂಬುದನ್ನು ಒಪ್ಪಿಕೊಳ್ಳುವುದಕ್ಕೆ ಮನಸ್ಸು ಹಿಂಜರಿಯುತ್ತಿತ್ತು. ಕೊನೆಗೆ ಒಂದು ದಿನಚರಿ ಪುಸ್ತಕ ತೆಗೆದುಕೊಂಡು ತನ್ನ ಬಗೆಗೆ ತಾನೇ ಬರೆದುಕೊಳ್ಳಲು ಆರಂಭಿಸಿದರು. ಬಳಿಕ ಹೊರಗಿನವರ ನೆರವನ್ನು ಕೇಳಿದರು. ಬದಲಾವಣೆ ಅಲ್ಲಿಂದ. 2014ರ ಐ.ಪಿ.ಎಲ್. ಪಂದ್ಯಾವಳಿಯಲ್ಲಿ ಕಲ್ಕತ್ತದ ತಂಡದ ಪರವಾಗಿ 660 ರನ್ನು ಗಳಿಸಿ ಎಲ್ಲರಿಗಿಂತ ಮುಂದೆ ನಿಂತವರು ಅವರೇ. ಕರ್ನಾಟಕ 2013-14 ಹಾಗೂ 2014-15ರಲ್ಲಿ ಸತತವಾಗಿ ರಣಜಿ ಪ್ರಶಸ್ತಿ ಗೆದ್ದಾಗಲೂ ತಂಡದಲ್ಲಿದ್ದರು.

ನಿವೃತ್ತರಾದ ಮೇಲೂ ಅವರು ಈ ಮಾತನ್ನು ಕೈಬಿಟ್ಟಿಲ್ಲ. 2024ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಹಿಂದಿನ ಆಟಗಾರ ಗ್ರಹಾಂ ಥಾರ್ಪ್ ತೀರಿಕೊಂಡಾಗ, ಬಹುಕಾಲದ ಖಿನ್ನತೆಯ ಬಳಿಕ ಅವರು ತಾವೇ ಪ್ರಾಣ ತ್ಯಜಿಸಿದರೆಂದು ಅವರ ಕುಟುಂಬದವರು ಧೈರ್ಯದಿಂದ ಲೋಕಕ್ಕೆ ತಿಳಿಸಿದರು. ಆಗ ಉತ್ತಪ್ಪ ಮತ್ತೆ ಮುಂದೆ ಬಂದು, 2011ರ ವರ್ಷವೆಲ್ಲ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುವುದಕ್ಕೇ ತಮಗೆ ಜುಗುಪ್ಸೆಯಾಗುತ್ತಿತ್ತೆಂದೂ, ಪ್ರೀತಿಪಾತ್ರರಿಗೆ ತಾವೊಂದು ಹೊರೆಯೆಂದು ತೋರುತ್ತಿತ್ತೆಂದೂ ಹೇಳಿದರು. ಈ ‘ಹೊರೆ’ಯೆಂಬ ಭಾವನೆಯನ್ನು ವಾಚಕರು ಗಮನಿಸಬೇಕು. ಮನೆಗೆ ಹಣ ಕಳುಹಿಸಲಾಗದೆ ಹೋದ ತಿಂಗಳಲ್ಲಿ ನಮ್ಮವರ ಎದೆಯಲ್ಲಿ ಏಳುವುದೂ ಅದೇ.

ವಿರಾಟ್ ಕೊಹ್ಲಿಯವರ ಮಾತನ್ನೂ ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. 2014ರ ಇಂಗ್ಲೆಂಡ್ ಪ್ರವಾಸದಲ್ಲಿ ಹತ್ತು ಇನ್ನಿಂಗ್ಸುಗಳಲ್ಲಿ ಅವರು ಗಳಿಸಿದ್ದು 134 ರನ್ನು. ಆಗ ತಮಗೆ ಖಿನ್ನತೆ ಉಂಟಾಗಿತ್ತೆಂದು 2021ರಲ್ಲಿ ಅವರು ತಿಳಿಸಿದರು. ಸುತ್ತಲೂ ಜನ, ಬೆಂಬಲಕ್ಕೂ ಕೊರತೆಯಿಲ್ಲ. ಆದರೂ ಲೋಕದಲ್ಲಿ ತನ್ನಷ್ಟು ಒಂಟಿ ಯಾರೂ ಇಲ್ಲವೆನ್ನಿಸುತ್ತಿತ್ತಂತೆ. ಒಂದು ಖೋಲಿಯಲ್ಲಿ ಎಂಟು ಜನ ಮಲಗುವಲ್ಲಿ ಒಂಟಿತನ ಎಲ್ಲಿಂದ ಬಂತೆಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ದಿನವಿಡೀ ನಿಂತೇ ಇರುವವನಿಗೆ ಆಟವೇಕೆ?

ಆಟ ಮನಸ್ಸಿಗೆ ಹಿತವೆಂಬುದು ಬರಿಯ ಅನುಭವದ ಮಾತಲ್ಲ, ಪರೀಕ್ಷಿಸಿ ನೋಡಿದ್ದೂ ಆಗಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಖಿನ್ನತೆಯಿಂದ ಬಳಲುತ್ತಿದ್ದ ಐವತ್ತು ದಾಟಿದ 156 ಮಂದಿಯನ್ನು ಮೂರು ಗುಂಪಾಗಿ ವಿಭಾಗಿಸಿ, ಒಂದಕ್ಕೆ ಔಷಧ, ಒಂದಕ್ಕೆ ವಾರಕ್ಕೆ ಮೂರು ಸಲ ವ್ಯಾಯಾಮ, ಇನ್ನೊಂದಕ್ಕೆ ಎರಡನ್ನೂ ಕೊಡಲಾಗಿತ್ತು. 16 ವಾರಗಳ ಕೊನೆಗೆ ಮೂರು ಗುಂಪುಗಳವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಚೇತರಿಸಿಕೊಂಡಿದ್ದರು. ಔಷಧದ ಗುಣ ಮೊದಲು ಕಂಡಿತು, ವ್ಯಾಯಾಮದ್ದು ಸ್ವಲ್ಪ ತಡವಾಗಿ. ಇದನ್ನು ಓದಿ ಯಾರೂ ವೈದ್ಯರು ಕೊಟ್ಟ ಗುಳಿಗೆಯನ್ನು ಬಿಸಾಡಿ ಮೈದಾನಕ್ಕೆ ಓಡಬಾರದು. ಅಲ್ಲಿ ವ್ಯಾಯಾಮ ನಡೆದದ್ದೂ ತಜ್ಞರ ಮೇಲ್ವಿಚಾರಣೆಯಲ್ಲೇ.

ನಮ್ಮ ಮಾಣಿಗಳು ಇಲ್ಲಿ ಒಂದು ಆಕ್ಷೇಪವೆತ್ತುವರು. ‘ಸ್ವಾಮೀ, ಬೆಳಿಗ್ಗೆ ಐದಕ್ಕೆ ನಿಂತವರು ರಾತ್ರಿ ಹನ್ನೊಂದಕ್ಕೆ ಕೂರುವುದು. ತಟ್ಟೆ ಹೊತ್ತು ನಡೆದ ದಾರಿಯನ್ನು ಅಳೆದರೆ ಥಾಣೆಗೆ ಹೋಗಿ ಬರಬಹುದು. ನಮಗೆ ಇನ್ನೂ ವ್ಯಾಯಾಮವೇ?’ ನ್ಯಾಯವಾದ ಪ್ರಶ್ನೆ. ಇದಕ್ಕೆ ಸಂಶೋಧಕರ ಉತ್ತರ ವಿಚಿತ್ರವಾಗಿದೆ. ಬಿಡುವಿನಲ್ಲಿ ತನ್ನಿಚ್ಛೆಯಿಂದ ಮಾಡುವ ಚಟುವಟಿಕೆಗೂ ಮನಸ್ಸಿನ ಆರೋಗ್ಯಕ್ಕೂ ಕಂಡುಬರುವ ಸಂಬಂಧ, ಹೊಟ್ಟೆಪಾಡಿಗಾಗಿ ಪಡುವ ದೈಹಿಕ ಶ್ರಮದಲ್ಲಿ ಕಾಣುವುದಿಲ್ಲ. ಕಾಲು ಅದೇ, ಬೆವರೂ ಅದೇ. ಆದರೆ ಒಂದರಲ್ಲಿ ಇನ್ನೊಬ್ಬರ ಆಜ್ಞೆಯಂತೆ ಓಡುತ್ತೇವೆ, ಇನ್ನೊಂದರಲ್ಲಿ ಚೆಂಡಿನ ಹಿಂದೆ. ಮೈದಾನದಲ್ಲಿ ‘ಇಲ್ಲಿ ಒಂದು ಕಾಫಿ’ ಎಂದು ಯಾರೂ ಬೆರಳು ಚಿಟಿಕೆ ಹೊಡೆಯುವುದಿಲ್ಲ.

ಇನ್ನೊಂದು ಕಾರಣವನ್ನು ಕಬಡ್ಡಿ ಆಡಿದವರು ಬಲ್ಲರು. ಒಂದೇ ಉಸಿರಿನಲ್ಲಿ ‘ಕಬಡ್ಡಿ, ಕಬಡ್ಡಿ’ ಎನ್ನುತ್ತ ಎದುರಾಳಿಗಳ ಅಂಗಣ ಹೊಕ್ಕವನಿಗೆ ಇರುವ ಕಾಲ 30 ಸೆಕೆಂಡು. ಏಳು ಜೊತೆ ಕಣ್ಣುಗಳು ಅವನ ಪಾದದ ಮೇಲೆ. ಆ ಹೊತ್ತಿನಲ್ಲಿ ಬ್ಯಾಂಕಿನ ಕಂತು ನೆನಪಿಗೆ ಬರಲು ಸಾಧ್ಯವೇ ಇಲ್ಲ. ಬಂದರೆ ಅವನು ಸಿಕ್ಕಿಬಿದ್ದ. ಚಿಂತೆಯೆಂಬುದು ನಿನ್ನೆಯದನ್ನೂ ನಾಳೆಯದನ್ನೂ ತಿರುತಿರುವಿ ಹಾಕುವ ಕೆಲಸ. ಆಟಕ್ಕೆ ಈ ಕ್ಷಣವೊಂದೇ ಬೇಕು. ಹೋಟೆಲಿನ ಮೇಲುಮಾಳಿಗೆಯಲ್ಲಿ ರಾತ್ರಿ ಕೇರಂ ಹಲಗೆಯ ಸುತ್ತ ಕುಳಿತವರಿಗೂ ಈ ಗುಣ ಅಲ್ಪಸ್ವಲ್ಪ ದೊರೆಯುತ್ತದೆ. ಆದರೆ ಬಿಸಿಲು, ಗಾಳಿ, ಒಳ್ಳೆಯ ದಣಿವು ಮತ್ತು ಅದರ ಹಿಂದೆ ಬರುವ ನಿದ್ದೆ ಬಯಲಿನ ಆಟಕ್ಕೆ ಮಾತ್ರ ಸೇರಿದ್ದು.

ಆಟವನ್ನು ನೋಡುವುದು ಆಡಿದಂತಾಗುವುದಿಲ್ಲವೆಂಬ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಂಗೈಯಗಲದ ಫೋನಿನಲ್ಲಿ ಮಧ್ಯರಾತ್ರಿಯವರೆಗೆ ಪಂದ್ಯ ನೋಡಿ, ಅದರ ಮೇಲೆ ಹಣ ಕಟ್ಟಿ, ತಿಂಗಳ ಸಂಬಳವನ್ನು ಕಳೆದುಕೊಂಡು, ಯಾರಿಗೂ ಹೇಳಲಾರದೆ ಕುಳಿತ ಹುಡುಗರು ನಮ್ಮಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳುವವರು ಯಾರು? 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆ ಬಂದಿತೆಂದು ಚಟ ಹೋಗುವುದಿಲ್ಲ. ದುಃಖದಿಂದ ತಪ್ಪಿಸಿಕೊಳ್ಳಲು ಹೋಗಿ ದುಃಖವನ್ನು ಬಡ್ಡಿ ಸಮೇತ ತಂದುಕೊಳ್ಳುವ ದಾರಿ ಅದು.

ಆಟ ಮುಗಿದ ಮೇಲೆ

ಉತ್ತಪ್ಪ ಅವರ ಕಥೆಯಲ್ಲಿ ಆಟವೇ ಅವರನ್ನು ಗುಣಪಡಿಸಲಿಲ್ಲ. ನೆರವನ್ನು ಕೇಳುವ ದಿನ ಬರುವವರೆಗೆ ಬದುಕಿರುವಂತೆ ಅದು ನೋಡಿಕೊಂಡಿತು. ಅದೇನೂ ಅಲ್ಪ ಉಪಕಾರವಲ್ಲ. ಆದರೆ ‘ಮೈದಾನಕ್ಕೆ ಬಾ, ಎಲ್ಲ ಸರಿಹೋಗುತ್ತದೆ’ ಎಂದು ಸಂಗಡಿಗನನ್ನು ಎಳೆದುಕೊಂಡು ಹೋಗಿ, ಅವನು ಅಲ್ಲಿ ನಕ್ಕದ್ದನ್ನು ಕಂಡು ನಮ್ಮ ಕರ್ತವ್ಯ ತೀರಿತೆಂದುಕೊಂಡರೆ ಮೋಸಹೋಗುತ್ತೇವೆ. ನಗುವವನು ಗುಣವಾಗಿದ್ದಾನೆಂದೇ ಅರ್ಥವಲ್ಲ. ಅವನ ವಾರದ ರಜೆ ಹೇಗೆ ಕಳೆಯುತ್ತದೆ, ಮಧ್ಯಾಹ್ನದ ಊಟದ ಗಲಾಟೆ ತೀರಿ ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ಮೊದಲಿನ ಆ ಖಾಲಿ ಹೊತ್ತಿನಲ್ಲಿ ಅವನು ಎಲ್ಲಿರುತ್ತಾನೆ ಎಂಬುದನ್ನು ನೋಡಬೇಕು. ಕಚೇರಿಯ ಗುಮಾಸ್ತನಾದರೆ ದೀಪಾವಳಿಗೆ ಎಲ್ಲರೂ ಊರಿಗೆ ಹೋದ ಮೇಲೆ ಖೋಲಿಯಲ್ಲಿ ಉಳಿದುಕೊಂಡವನು ಯಾರು?

ಗಂಡಸರ ಮಾತು ಎದುರುಬದುರು ಕುಳಿತರೆ ಹೊರಡುವುದಿಲ್ಲ. ‘ನಿನಗೇನಾಗಿದೆ, ಹೇಳು’ ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಇದ್ದ ಮಾತೂ ಒಳಗೆ ಹೋಗುತ್ತದೆ. ಪಕ್ಕಪಕ್ಕದಲ್ಲಿ ನಡೆಯುವಾಗ, ಔಟಾಗಿ ಬಂದು ಮರದಡಿಯಲ್ಲಿ ನೀರು ಕುಡಿಯುವಾಗ, ಇಬ್ಬರೂ ಪಂದ್ಯದ ಕಡೆಗೆ ಮುಖ ಮಾಡಿಕೊಂಡಿರುವಾಗ ಅದು ತಾನಾಗಿ ಬರುತ್ತದೆ. ನನಗೆ ಕಂಡಂತೆ ಆಟದ ದೊಡ್ಡ ಪ್ರಯೋಜನ ಇದೇ. ಊರಿನಲ್ಲಿ ದೇವಸ್ಥಾನದ ಜಗಲಿ, ಯಕ್ಷಗಾನದ ರಾತ್ರಿ, ಹೊಳೆಯ ದಂಡೆ ಇಂಥ ಮಾತಿಗೆ ಎಡೆ ಕೊಡುತ್ತಿದ್ದವು. ನಗರದಲ್ಲಿ ಗಂಡಸಿಗೆ ಉಳಿದಿರುವ ಜಗಲಿ ಮೈದಾನದ ಅಂಚು.

ಅಲ್ಲಿ ಮಾತು ಬಂದಾಗ ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುವವರೇ ಹೆಚ್ಚು. ಕಾಲು ಮುರಿದವನಿಗೆ ಕಾಲು ಗಟ್ಟಿ ಮಾಡಿಕೋ ಎಂದು ನಾವು ಹೇಳುತ್ತೇವೆಯೇ? ‘ನಿನಗಿಂತ ಕಷ್ಟದಲ್ಲಿರುವವರು ಎಷ್ಟೋ ಜನ’ ಎಂಬುದೂ ಹಾಗೆಯೇ. ಸುಮ್ಮನೆ ಕೇಳಿಸಿಕೊಂಡರೆ ಸಾಕು. ಎರಡು ವಾರಕ್ಕಿಂತ ಹೆಚ್ಚು ಕಾಲ ಮಂಕು ಕವಿದಿದ್ದು, ಮೊದಲು ಇಷ್ಟವಾಗುತ್ತಿದ್ದುದರಲ್ಲಿ ಆಸಕ್ತಿ ಹೋಗಿ, ನಿದ್ದೆ-ಊಟಗಳು ಕೆಟ್ಟು, ತಾನು ನಿಷ್ಪ್ರಯೋಜಕನೆಂಬ ಭಾವನೆ ಬಲವಾಗಿದ್ದರೆ ಅದು ವೈದ್ಯರಿಗೆ ತೋರಿಸಬೇಕಾದ ಕಾಯಿಲೆ. ಬದುಕುವುದು ಬೇಡವೆಂಬ ಮಾತು ಬಾಯಿಂದ ಬಂದರಂತೂ ತಮಾಷೆಯೆಂದು ತಳ್ಳಿಹಾಕದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬೇಕು. ಆ ದಿನ ಅವನನ್ನು ಒಬ್ಬನೇ ಇರಲು ಬಿಡಬಾರದು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ನಮ್ಮಲ್ಲಿದೆ. ಅದು ನಿರಾಧಾರವೆಂದು ತಜ್ಞರು ಹೇಳುತ್ತಾರೆ.

ಎಲ್ಲಿಗೆ ಹೋಗಬೇಕೆಂಬುದು ಮುಂದಿನ ಪ್ರಶ್ನೆ. ಮನೋವೈದ್ಯರೆಂದ ಕೂಡಲೇ ನಮ್ಮವರ ಕಣ್ಣಿಗೆ ಥಾಣೆಯ ಆಸ್ಪತ್ರೆಯ ಎತ್ತರದ ಗೋಡೆ ಬರುತ್ತದೆ. 1901ರಲ್ಲಿ ಸ್ಥಾಪಿತವಾದ ಆ ಆಸ್ಪತ್ರೆಯ ಹೆಸರನ್ನು ಬೈಗುಳವಾಗಿ ಬಳಸುವ ಕೆಟ್ಟ ಚಾಳಿ ಮುಂಬಯಿಯಲ್ಲಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಹೆಸರನ್ನು ಬಳಸುವ ಹಾಗೆ. ಆದರೆ ಖಿನ್ನತೆಯಿರುವ ಬಹುಮಂದಿಗೆ ಆಸ್ಪತ್ರೆಯಲ್ಲಿ ಮಲಗುವ ಅಗತ್ಯವೇ ಬೀಳುವುದಿಲ್ಲ. ಪರೇಲಿನ ಕೆ.ಇ.ಎಂ., ಸಾಯನ್ನಿನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್ಲಿನ ನಾಯರ್, ಈ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಮನೋವೈದ್ಯರ ಹೊರರೋಗಿ ವಿಭಾಗಗಳಿವೆ. ಕೆಮ್ಮಿಗೆ ಚೀಟಿ ಬರೆಸಿಕೊಳ್ಳುವ ಹಾಗೆಯೇ ಅಲ್ಲಿಯೂ ಚೀಟಿ ಬರೆಸಿಕೊಂಡು, ತೋರಿಸಿ, ಔಷಧ ತೆಗೆದುಕೊಂಡು ಸಂಜೆಯ ಪಾಳಿಗೆ ಬರಬಹುದು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಸರ್ಕಾರಿ ಸೇವೆಯಲ್ಲಿ ಇಂಥ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬನ ಹಕ್ಕು. ರೋಗಿಯ ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಧಣಿಗೆ ತಿಳಿದೀತೆಂಬ ಅಂಜಿಕೆಯಿಂದ ಹಿಂಜರಿಯುವವರು ಇದನ್ನು ನೆನಪಿಡಬೇಕು.

ಆಸ್ಪತ್ರೆಗೆ ಹೋಗುವ ಧೈರ್ಯ ಸಾಲದವರಿಗೆ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯಿದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಅದನ್ನು ಆರಂಭಿಸಿತು. ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ದೊರೆಯುವ ಭಾಷೆಗಳಲ್ಲಿ ಕನ್ನಡವೂ ಒಂದು. ಹಿಂದಿಯಲ್ಲಿ ಲೆಕ್ಕ ಹೇಳಬಹುದು, ಮರಾಠಿಯಲ್ಲಿ ತರಕಾರಿ ಕೊಳ್ಳಬಹುದು. ಆದರೆ ಎದೆಯೊಳಗಿನದನ್ನು ಹೇಳುವುದಕ್ಕೆ ಮನೆಯ ಮಾತೇ ಬೇಕಾಗುತ್ತದೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೈದಾನ ಬರಿದಾಗತೊಡಗುತ್ತದೆ. ವಿಕೆಟ್ಟಿನ ಕೋಲುಗಳನ್ನು ಕಿತ್ತು ಚೀಲಕ್ಕೆ ತುಂಬುತ್ತಾರೆ, ದಾಂಡುಗಳನ್ನು ಹೆಗಲಿಗೇರಿಸುತ್ತಾರೆ, ಕಬ್ಬಿನ ಹಾಲಿನ ಗಾಡಿಯ ಮುಂದೆ ಒಂದಷ್ಟು ಹೊತ್ತು ಗದ್ದಲವಾಗುತ್ತದೆ, ಬಳಿಕ ಎಲ್ಲರೂ ನಿಲ್ದಾಣದ ಕಡೆಗೆ ಹೊರಡುತ್ತಾರೆ. ಯಾವನೋ ಒಬ್ಬ ಬೂಟಿನ ದಾರ ಕಟ್ಟುವ ನೆವದಲ್ಲಿ ಇನ್ನೂ ಹುಲ್ಲಿನ ಮೇಲೆ ಕುಳಿತೇ ಇರುತ್ತಾನೆ. ಅವನಿಗಾಗಿ ಒಂದು ಲೋಕಲ್ ಗಾಡಿಯನ್ನು ಬಿಟ್ಟು, ಪಕ್ಕದಲ್ಲಿ ಕುಳಿತು, ನಾಳೆ ಅವನು ಏನು ಮಾಡುವವನಿದ್ದಾನೆಂದು ಕೇಳಬಹುದು.